ತಂತಿಯ ಈಚೆ ತುದಿ

1917ರ ಆಗಸ್ಟ್ ತಿಂಗಳು. ಆಸ್ಟ್ರೇಲಿಯಾದ ವಾಯವ್ಯ ಮೂಲೆಯ ಕಿಂಬರ್ಲಿ ಪ್ರಾಂತ್ಯದಲ್ಲಿ ಜಿಮ್ಮಿ ಡಾರ್ಸಿ ಎಂಬ ದನಗಾಹಿ ಯುವಕ ಕುದುರೆಯಿಂದ ಬಿದ್ದ. ಮೇಲೆ ಅಷ್ಟೇನೂ ಕಾಣುತ್ತಿರಲಿಲ್ಲ, ಪೆಟ್ಟು ಒಳಗಿತ್ತು. ಜೊತೆಗಾರರು ಅವನನ್ನು ಹಾಲ್ಸ್ ಕ್ರೀಕ್ ಎಂಬ ಪುಟ್ಟ ಊರಿಗೆ ಹೊತ್ತು ತಂದರು. ಅಲ್ಲಿ ವೈದ್ಯರಿರಲಿಲ್ಲ. ಇದ್ದವರು ಟಕೆಟ್ ಎಂಬ ಅಂಚೆಮಾಸ್ತರರು. ಹಿಂದೊಮ್ಮೆ ಪ್ರಥಮ ಚಿಕಿತ್ಸೆಯ ಪಾಠ ಕಲಿತದ್ದಷ್ಟೇ ಅವರ ವೈದ್ಯಕೀಯ ಜ್ಞಾನ. ಆ ಪಾಠ ಹೇಳಿಕೊಟ್ಟ ಡಾ. ಹಾಲೆಂಡ್ 2,000 ಕಿಲೋಮೀಟರಿಗೂ ಹೆಚ್ಚು ದೂರದ ಪರ್ತ್ ನಗರದಲ್ಲಿದ್ದರು. ಟಕೆಟ್ ತಂತಿಯ ಮುಂದೆ ಕೂತು ಗಾಯಾಳುವಿನ ಲಕ್ಷಣಗಳನ್ನು ಮೋರ್ಸ್ ಸಂಕೇತದಲ್ಲಿ ಬಡಿದು ಕಳಿಸಿದರು. ಮೂತ್ರಕೋಶ ಒಡೆದಿದೆ, ಕೂಡಲೇ ಶಸ್ತ್ರಚಿಕಿತ್ಸೆ ಆಗಬೇಕು ಎಂದು ಆ ಕಡೆಯಿಂದ ಉತ್ತರ ಬಂತು. ಮಾಡುವವರು ಯಾರು? ಟಕೆಟ್ ಅವರೇ. ಒಂದು ಸಣ್ಣ ಚಾಕು ಹಿಡಿದು, ಒಂದೊಂದು ಹೆಜ್ಜೆಯನ್ನೂ ತಂತಿಯಲ್ಲಿ ಕೇಳುತ್ತ ಅವರು ಅದನ್ನು ಮಾಡಿದರು. ಹಾಲೆಂಡ್ ಹಡಗಿನಲ್ಲಿ, ಕಾರಿನಲ್ಲಿ, ಕೊನೆಗೆ ಕಾಲ್ನಡಿಗೆಯಲ್ಲಿ ಆ ಊರು ಮುಟ್ಟಿದಾಗ ಡಾರ್ಸಿ ಹಿಂದಿನ ದಿನವಷ್ಟೇ ತೀರಿಕೊಂಡಿದ್ದ.

ದೂರವೈದ್ಯದ ಚರಿತ್ರೆ ಬರೆಯುವವರು ಈ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಾರೆ. ಇದರಲ್ಲಿ ಸಾಹಸವಿದೆ, ದುರಂತವಿದೆ, ಹೊಸ ಯಂತ್ರವಿದೆ. ಇಂಥವೇ ಇನ್ನೂ ಕೆಲವು ಕಥೆಗಳಿವೆ. 1879ರಲ್ಲಿ ಇಂಗ್ಲೆಂಡಿನ 'ಲ್ಯಾನ್ಸೆಟ್' ಪತ್ರಿಕೆ ಒಂದು ಪ್ರಸಂಗವನ್ನು ವರದಿ ಮಾಡಿತ್ತು. ನಡುರಾತ್ರಿ ಮಗುವೊಂದರ ಕೆಮ್ಮನ್ನು ಟೆಲಿಫೋನಿನಲ್ಲೇ ಕೇಳಿಸಿಕೊಂಡ ವೈದ್ಯರೊಬ್ಬರು ಭಯಪಡುವಂಥದ್ದೇನೂ ಇಲ್ಲ ಎಂದು ಮನೆಯವರನ್ನು ಮಲಗಿಸಿದರಂತೆ. 1905ರಲ್ಲಿ ನೆದರ್ಲೆಂಡ್ಸಿನ ಲೈಡನ್ ಊರಿನಲ್ಲಿ ವಿಲ್ಲೆಮ್ ಐಂಥೋವನ್ ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಯ ಹೃದಯ ಬಡಿತವನ್ನು ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯದಲ್ಲಿ ದಾಖಲಿಸಿಕೊಂಡರು. ಇವೆಲ್ಲ 'ಮೊದಲ ಸಲ'ದ ಕಥೆಗಳು. ಚರಿತ್ರೆಗೆ ಮೊದಲ ಸಲ ಎಂದರೆ ಬಹಳ ಪ್ರೀತಿ.

ವೈದ್ಯಕೀಯದ ಚರಿತ್ರೆಯನ್ನು ಓದುತ್ತಿರುವ ನನ್ನನ್ನು ಕಾಡುವುದು ಎರಡನೆಯ ಸಲ, ಹತ್ತನೆಯ ಸಲ, ಮೂವತ್ತು ವರ್ಷಗಳ ನಂತರದ ಸಲ. ಜೀವ ಹೋಗುವ ಹೊತ್ತಿನಲ್ಲಿ ಯಾರಾದರೂ ಯಾವ ತಂತಿಯನ್ನಾದರೂ ಹಿಡಿಯುತ್ತಾರೆ. ಅಪಾಯ ಕಳೆದ ಮೇಲೂ ಅದೇ ತಂತಿಗೆ ಮರಳಿ ಬರುವವರು ಯಾರು? ಯಾಕೆ ಬರುತ್ತಾರೆ?

ನಿರ್ವಹಣಾಶಾಸ್ತ್ರದವರ ಬಳಿ ಇದಕ್ಕೊಂದು ಸಿದ್ಧ ಉತ್ತರವಿದೆ. ಜನ ಒಂದು ತಂತ್ರಜ್ಞಾನವನ್ನು ಏಕೆ ಬಳಸುತ್ತಲೇ ಹೋಗುತ್ತಾರೆ ಎಂಬುದಕ್ಕೆ ಅನೋಲ್ ಭಟ್ಟಾಚಾರ್ಜಿ 2001ರಲ್ಲಿ ಒಂದು ಮಾದರಿ ಕೊಟ್ಟರು. ನಾವು ಏನನ್ನೋ ನಿರೀಕ್ಷಿಸಿ ಬಳಸುತ್ತೇವೆ, ನಿರೀಕ್ಷೆ ನಿಜವಾದರೆ ತೃಪ್ತಿಯಾಗುತ್ತದೆ, ಉಪಯೋಗವೂ ಕಂಡರೆ ಮುಂದುವರಿಸುತ್ತೇವೆ. ಟೆಲಿಮೆಡಿಸಿನ್ ಕುರಿತ ಹಲವು ಸಂಶೋಧನೆಗಳು ಇದೇ ಮಾದರಿಯನ್ನು ಹಿಡಿದು ರೋಗಿಗಳ ಮುಂದೆ ಪ್ರಶ್ನಾವಳಿ ಇಡುತ್ತವೆ. ಮಾದರಿ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅದು ಹುಟ್ಟಿದ್ದು ಆನ್‌ಲೈನ್ ಬ್ಯಾಂಕಿಂಗ್ ಬಳಸುವವರನ್ನು ನೋಡಿ. ಅದರಲ್ಲಿ ಇರುವುದು ಇಬ್ಬರೇ, ಒಬ್ಬ ಬಳಕೆದಾರ ಮತ್ತು ಒಂದು ಪರದೆ. ಹಾಲ್ಸ್ ಕ್ರೀಕಿನಲ್ಲಿ ಮೂವರಿದ್ದರು. ರೋಗಿಯ ಮಗ್ಗುಲಲ್ಲಿ ನಿಂತಿದ್ದ ಆ ಅಂಚೆಮಾಸ್ತರರನ್ನು ಪ್ರಶ್ನಾವಳಿಯಲ್ಲಿ ಎಲ್ಲಿ ಬರೆದುಕೊಳ್ಳುವುದು?

*

ಡಾರ್ಸಿಯ ಸಾವು ಆಸ್ಟ್ರೇಲಿಯಾದ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಒಳನಾಡಿನ ಜನರಿಗಾಗಿ ದುಡಿಯುತ್ತಿದ್ದ ಜಾನ್ ಫ್ಲಿನ್ ಎಂಬ ಪಾದ್ರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಣಕ್ಕಾಗಿ, ಬೆಂಬಲಕ್ಕಾಗಿ ಅಲೆದರು. 1928ರ ಮೇ 17ರಂದು ಕ್ವೀನ್ಸ್‌ಲ್ಯಾಂಡಿನ ಕ್ಲಾನ್‌ಕರಿ ಎಂಬ ಊರಿನಿಂದ ವೈದ್ಯರನ್ನು ಹೊತ್ತ ಮೊದಲ ವಿಮಾನ ಹಾರಿತು. ಮೊದಲ ವರ್ಷ ಸುಮಾರು 50 ಹಾರಾಟ, 225 ರೋಗಿಗಳು. ಮುಂದೆ 'ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್' ಎಂದು ಹೆಸರಾದ ಈ ಸೇವೆ ನೂರು ವರ್ಷದ ಹೊಸ್ತಿಲಲ್ಲಿದೆ. ಫ್ಲಿನ್ ಅವರ ಮುಖ ಆ ದೇಶದ 20 ಡಾಲರ್ ನೋಟಿನ ಮೇಲಿದೆ.

ಹೆಸರಿನಲ್ಲಿ ವಿಮಾನವಿದ್ದರೂ ಸೇವೆಯ ಬೇರು ಇರುವುದು ಮಾತಿನಲ್ಲಿ. ನೂರಾರು ಮೈಲಿ ಆಚೆಯ ಒಂಟಿ ಮನೆಯಲ್ಲಿ ಯಾರೋ ಕಾಯಿಲೆ ಬಿದ್ದಿದ್ದಾರೆ ಎಂಬುದು ವೈದ್ಯರಿಗೆ ಗೊತ್ತಾಗುವುದು ಹೇಗೆ? ಅಡಿಲೇಡಿನ ಆಲ್‌ಫ್ರೆಡ್ ಟ್ರೇಗರ್ ಎಂಬ ಎಂಜಿನಿಯರ್ 1929ರ ಹೊತ್ತಿಗೆ ಅದಕ್ಕೊಂದು ರೇಡಿಯೊ ಮಾಡಿಕೊಟ್ಟರು. ವಿದ್ಯುತ್ತಿಲ್ಲದ ಊರಿಗೆ ಸೈಕಲ್ಲಿನಂತೆ ಪೆಡಲು ತುಳಿದು ನಡೆಸುವ ರೇಡಿಯೊ. ಕಾಲು ಪೆಡಲು ತುಳಿಯುತ್ತದೆ, ಕೈ ಸಂದೇಶ ಕಳಿಸುತ್ತದೆ. ಮೊದಮೊದಲು ಮೋರ್ಸ್ ಸಂಕೇತ ಬಾರದೆ ಜನ ಒದ್ದಾಡಿದರು. ಟ್ರೇಗರ್ ಜನರಿಗೆ ಇನ್ನಷ್ಟು ತರಬೇತಿ ಕೊಡಿಸುತ್ತ ಕೂರಲಿಲ್ಲ, ಯಂತ್ರವನ್ನೇ ಬದಲಿಸಿದರು. ಟೈಪ್‌ರೈಟರಿನಂಥ ಕೀಲಿಮಣೆ ಜೋಡಿಸಿ, ಅಕ್ಷರ ಒತ್ತಿದರೆ ಸಂಕೇತ ತಾನಾಗಿ ಹೋಗುವಂತೆ ಮಾಡಿದರು. 1930ರ ದಶಕದ ನಡುವಿಗೆ ನೇರವಾಗಿ ಮಾತನಾಡುವ ಅನುಕೂಲವೂ ಬಂತು.

ಇಲ್ಲಿಂದ ಮುಂದಿನದ್ದು ನನಗೆ ಮುಖ್ಯ. ಆ ರೇಡಿಯೊ ಕಾಯಿಲೆಗೆ ಮಾತ್ರ ಮೀಸಲಾಗಿದ್ದರೆ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಅದರಲ್ಲಿ ತಂತಿ ಸಂದೇಶ ಬರುತ್ತಿತ್ತು, ಹೋಗುತ್ತಿತ್ತು. ಒಂದೊಂದು ಮನೆಯೂ ಇನ್ನೊಂದರಿಂದ ಹತ್ತಾರು ಮೈಲಿ ದೂರವಿದ್ದ ಆ ನೆಲದಲ್ಲಿ ಹೆಂಗಸರು ದಿನದ ಒಂದು ಹೊತ್ತಿನಲ್ಲಿ ರೇಡಿಯೊ ಮುಂದೆ ಕೂತು ಹರಟುತ್ತಿದ್ದರು. ಗದ್ದಲದ ಗಿಳಿಯೊಂದರ ಹೆಸರಿನಿಂದ ಈ ಹರಟೆಗೆ 'ಗಾಲಾ ಸೆಷನ್' ಎಂದೇ ಹೆಸರು ಬಿತ್ತು. 1951ರಲ್ಲಿ ಅದೇ ಜಾಲದ ಮೇಲೆ ಆಲಿಸ್ ಸ್ಪ್ರಿಂಗ್ಸ್ ಊರಿನಿಂದ ಮಕ್ಕಳಿಗೆ ಪಾಠ ಹೇಳುವ 'ಸ್ಕೂಲ್ ಆಫ್ ದಿ ಏರ್' ಶುರುವಾಯಿತು. ಹಾಗಾಗಿ ಮಗುವಿಗೆ ಜ್ವರ ಬಂದ ರಾತ್ರಿ ತಾಯಿ ಮುಟ್ಟುತ್ತಿದ್ದದ್ದು ಪರಿಚಯವಿಲ್ಲದ ಯಂತ್ರವನ್ನಲ್ಲ. ಬೆಳಿಗ್ಗೆ ನೆರೆಮನೆಯವಳ ಜೊತೆ ಮಾತಾಡಿದ್ದೂ ಅದರಲ್ಲೇ. ವೈದ್ಯರೊಂದಿಗಿನ ಮಾತನ್ನು ಇಡೀ ಸೀಮೆ ಕೇಳಿಸಿಕೊಳ್ಳಬಹುದಿತ್ತು ಎಂಬುದೂ ನಿಜ. ಇಂದಿನ ನಮ್ಮ ಖಾಸಗಿತನದ ಕಲ್ಪನೆಗೆ ಅದು ಒಗ್ಗುವುದಿಲ್ಲ.

ಎರಡನೆಯದು ಒಂದು ಪೆಟ್ಟಿಗೆ. ವೈದ್ಯರು ರೇಡಿಯೊದಲ್ಲಿ ಔಷಧ ಹೇಳಿದರೂ ಮನೆಯಲ್ಲಿ ಅದು ಇರಬೇಕಲ್ಲ? ಇದ್ದರೂ ಗರಗರ ಸದ್ದಿನ ನಡುವೆ ಅದರ ಉದ್ದನೆಯ ಹೆಸರು ಸರಿಯಾಗಿ ಕೇಳಿಸಬೇಕಲ್ಲ? 1942ರಲ್ಲಿ ಎಲ್ಲ ಕಡೆಗೂ ಒಂದೇ ಬಗೆಯ ಔಷಧ ಪೆಟ್ಟಿಗೆ ಬಂತು. ಒಳಗಿನ ಪ್ರತಿ ಔಷಧಕ್ಕೂ ಒಂದು ಸಂಖ್ಯೆ. ಇಂತಿಷ್ಟನೇ ಸಂಖ್ಯೆಯದನ್ನು ಇಷ್ಟು ಹೊತ್ತಿಗೊಮ್ಮೆ ಕೊಡಿ ಎಂದರೆ ಆಯಿತು. ಮುಂದೆ ಮೈಯ ಭಾಗಗಳಿಗೂ ಸಂಖ್ಯೆ ಹಾಕಿದ ಚಿತ್ರಪಟ ಸೇರಿತು. ನೋವು ಎಲ್ಲಿ ಎಂಬುದನ್ನು ಹೇಳಲು ಅಂಗರಚನೆಯ ಪದಗಳು ಬೇಕಿರಲಿಲ್ಲ. ಆ ಪೆಟ್ಟಿಗೆಗಳು ಇಂದಿಗೂ ಬಳಕೆಯಲ್ಲಿವೆ.

ದೂರವೈದ್ಯದ ಚರಿತ್ರೆಯಲ್ಲಿ ಉಪಗ್ರಹಕ್ಕಿಂತ ಈ ಪೆಟ್ಟಿಗೆ ದೊಡ್ಡದೆಂದು ನನಗೆ ಅನ್ನಿಸುತ್ತದೆ. ಕರೆ ಮುಗಿದ ಮೇಲೆ ರೋಗಿಯ ಕಡೆ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ಅದು ಉತ್ತರ. 'ಹತ್ತಿರದ ಆಸ್ಪತ್ರೆಗೆ ಹೋಗಿ' ಎಂಬ ಸಲಹೆಯಲ್ಲೇ ಪ್ರತಿ ಸಲವೂ ಕೊನೆಗೊಳ್ಳುವ ಕರೆಯನ್ನು ಜನ ಎರಡು ಸಲ ಮಾಡಿಯಾರು, ಮೂರನೆಯ ಸಲ ನೇರ ಬಸ್ಸು ಹತ್ತುತ್ತಾರೆ. ಪೆಟ್ಟಿಗೆಯಿದ್ದ ಮನೆಯಲ್ಲಿ ಕರೆ ಮುಗಿದ ಮರುಕ್ಷಣವೇ ಚಿಕಿತ್ಸೆ ಶುರುವಾಗುತ್ತಿತ್ತು.

ಈ ಚಿತ್ರಕ್ಕೆ ನೆರಳೂ ಇದೆ. ಪೆಟ್ಟಿಗೆ ಮತ್ತು ರೇಡಿಯೊ ಇರುತ್ತಿದ್ದದ್ದು ಜಾನುವಾರು ಎಸ್ಟೇಟಿನ ಒಡೆಯರ ಮನೆಯಲ್ಲಿ. ಅದೇ ಎಸ್ಟೇಟಿನಲ್ಲಿ ದುಡಿಯುತ್ತಿದ್ದ ಮೂಲನಿವಾಸಿಗಳ ನೋವು ಇನ್ನೊಬ್ಬರ ಬಾಯಿಂದ, ಇನ್ನೊಬ್ಬರ ಭಾಷೆಯಲ್ಲಿ ವೈದ್ಯರ ಕಿವಿ ಮುಟ್ಟಬೇಕಿತ್ತು. ನಡುವೆ ನಿಂತವರು ಕೈ ಹಿಡಿಯಬಲ್ಲರು, ಬಾಗಿಲನ್ನೂ ಕಾಯಬಲ್ಲರು. 1971ರಲ್ಲಿ ಸಿಡ್ನಿಯ ರೆಡ್‌ಫರ್ನಿನಲ್ಲಿ ಮೂಲನಿವಾಸಿಗಳು ತಾವೇ ನಡೆಸುವ ಆರೋಗ್ಯ ಕೇಂದ್ರವನ್ನು ತೆರೆದರು. ಆ ಪ್ರಯತ್ನವನ್ನು ಈ ನೆರಳಿನ ಜೊತೆಗಿಟ್ಟು ಓದಬೇಕು. ಬಹುಕಾಲ ಬಳಸಿದರು ಎಂಬುದನ್ನೇ ನಂಬಿಕೆಯ ಗುರುತೆಂದು ಬರೆದುಬಿಡಬಾರದು. ಬೇರೆ ದಾರಿಯಿಲ್ಲದೆ ಬಳಸಿದವರೂ ಅದೇ ಲೆಕ್ಕದಲ್ಲಿ ಸೇರಿರುತ್ತಾರೆ.

*

ಆಸ್ಟ್ರೇಲಿಯಾದ್ದು ಕಿವಿಯ ಕಾಲ. ಅದರ ನಂತರ ಬಂದದ್ದು ಕಣ್ಣಿನ ಕಾಲ. ಟೆಲಿವಿಷನ್ ಬಂದ ಮೇಲೆ ವೈದ್ಯರು ರೋಗಿಯನ್ನು ದೂರದಿಂದ ನೋಡಲೂಬಹುದಾಯಿತು. 1968ರಲ್ಲಿ ಬಾಸ್ಟನ್ನಿನ ಡಾ. ಕೆನೆತ್ ಬರ್ಡ್ ಅಲ್ಲಿನ ಲೋಗನ್ ವಿಮಾನ ನಿಲ್ದಾಣದ ಚಿಕಿತ್ಸಾಲಯವನ್ನು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಟೆಲಿವಿಷನ್ನಿನ ಮೂಲಕ ಜೋಡಿಸಿದರು. ದೂರ ಕೆಲವೇ ಮೈಲಿ, ಆದರೆ ನಡುವೆ ಬಾಸ್ಟನ್ನಿನ ಟ್ರಾಫಿಕ್ಕು. ಆ ಚಿಕಿತ್ಸಾಲಯದಲ್ಲಿ ರೋಗಿಯ ಪಕ್ಕ ನರ್ಸ್ ಇರುತ್ತಿದ್ದರು.

ಇನ್ನೂ ದೊಡ್ಡ ಪ್ರಯೋಗ ನಡೆದದ್ದು 1970ರ ದಶಕದಲ್ಲಿ, ಅರಿಜೋನಾದ ಮರುಭೂಮಿಯಲ್ಲಿ. ಆಗ ಪಪಾಗೊ ಎಂದು ಕರೆಯುತ್ತಿದ್ದ, ಇಂದು ತೊಹೊನೊ ಓಓದಮ್ ಎಂಬ ತಮ್ಮದೇ ಹೆಸರಿನಿಂದ ಗುರುತಿಸಿಕೊಳ್ಳುವ ಮೂಲನಿವಾಸಿಗಳ ನಾಡು ಅದು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಅಲ್ಲಿ 'ಸ್ಟಾರ್‌ಪಾಕ್' ಎಂಬ ಯೋಜನೆ ನಡೆಸಿತು. ಎಕ್ಸ್-ರೇ, ಇಸಿಜಿ ಯಂತ್ರಗಳನ್ನು ಹೊತ್ತ ವ್ಯಾನು ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿತ್ತು. ಅದರಲ್ಲಿ ಆರೋಗ್ಯ ಸಹಾಯಕರು ಇರುತ್ತಿದ್ದರು, ಮೈಕ್ರೋವೇವ್ ಸಂಪರ್ಕದ ಆಚೆ ತುದಿಯಲ್ಲಿ ಆಸ್ಪತ್ರೆಯ ವೈದ್ಯರು. ನಾಸಾಕ್ಕೆ ಇದರಲ್ಲಿ ಇನ್ನೊಂದು ಆಸಕ್ತಿಯೂ ಇತ್ತು. ಮುಂದೆ ಬಾಹ್ಯಾಕಾಶದಲ್ಲಿ ದೀರ್ಘಕಾಲ ಇರುವ ಯಾತ್ರಿಗಳಿಗೆ ದೂರದಿಂದ ಚಿಕಿತ್ಸೆ ಕೊಡುವುದು ಹೇಗೆ ಎಂಬುದನ್ನು ನೆಲದ ಮೇಲೆ ಪರೀಕ್ಷಿಸಿ ನೋಡಬೇಕಿತ್ತು. ದಶಕ ಮುಗಿಯುವ ಮೊದಲೇ ಯೋಜನೆ ನಿಂತಿತು.

ಆ ತಲೆಮಾರಿನ ಅಮೆರಿಕದ ಬಹುತೇಕ ಯೋಜನೆಗಳ ಗತಿ ಇದೇ. ಅನುದಾನ ಮುಗಿಯಿತು, ಪರದೆ ಆರಿತು. ಇಲ್ಲಿ ನನ್ನ ಪ್ರಶ್ನೆಯೇ ತಿರುಗಿ ನಿಲ್ಲುತ್ತದೆ. ರೋಗಿಗಳು ದೂರವೈದ್ಯವನ್ನು ಯಾಕೆ ಬಿಡುತ್ತಾರೆ ಎಂದು ನಾವು ಕೇಳುತ್ತೇವೆ. ಅರಿಜೋನಾದಲ್ಲಿ ರೋಗಿಗಳು ಸೇವೆಯನ್ನು ಬಿಡಲಿಲ್ಲ, ಸೇವೆ ರೋಗಿಗಳನ್ನು ಬಿಟ್ಟುಹೋಯಿತು. ಪಕ್ಕದಲ್ಲಿ ಕೈಯೊಂದು ಇದ್ದರಷ್ಟೇ ಸಾಲದು, ಆ ಕೈಗೆ ನಾಳೆಯೂ ಸಂಬಳ ಸಿಗಬೇಕು.

ಉಳಿದುಕೊಂಡದ್ದು ಕೆನಡಾದ ನ್ಯೂಫೌಂಡ್‌ಲೆಂಡಿನಲ್ಲಿ. 1980ರ ದಶಕದ ನಡುಭಾಗಕ್ಕೂ ಮೊದಲು ಉತ್ತರ ಅಮೆರಿಕದಲ್ಲಿ ಹುಟ್ಟಿದ ಟೆಲಿಮೆಡಿಸಿನ್ ಯೋಜನೆಗಳಲ್ಲಿ ಬದುಕಿ ಉಳಿದದ್ದು ಅಲ್ಲಿನ ಮೆಮೋರಿಯಲ್ ವಿಶ್ವವಿದ್ಯಾಲಯದ್ದೊಂದೇ ಎಂದು ಈ ಕ್ಷೇತ್ರದ ಚರಿತ್ರೆಕಾರರು ಗುರುತಿಸುತ್ತಾರೆ. ನರರೋಗ ತಜ್ಞ ಡಾ. ಮ್ಯಾಕ್ಸ್ ಹೌಸ್ 1977ರಲ್ಲಿ 'ಹರ್ಮಿಸ್' ಉಪಗ್ರಹದ ಮೂಲಕ ಶುರು ಮಾಡಿದರು. ಉಪಗ್ರಹದ ಅವಧಿ ಮುಗಿದಾಗ ಅವರು ಇನ್ನೊಂದು ಉಪಗ್ರಹಕ್ಕಾಗಿ ಕಾಯಲಿಲ್ಲ, ಸಾಮಾನ್ಯ ಟೆಲಿಫೋನ್ ತಂತಿಗೆ ಇಳಿದರು. ಚಲಿಸುವ ಚಿತ್ರ ಬೇಡ, ಮಾತು ಸಾಕು. ಮಿದುಳಿನ ಅಲೆಗಳನ್ನು ದಾಖಲಿಸುವ ಇಇಜಿಯನ್ನೂ ಅದೇ ತಂತಿಯಲ್ಲಿ ಕಳಿಸಿಕೊಳ್ಳುವ ಏರ್ಪಾಡು ಮಾಡಿದರು. ಅದೇ ಜಾಲದಲ್ಲಿ ದೂರದ ಊರುಗಳ ನರ್ಸುಗಳಿಗೆ, ಶಿಕ್ಷಕರಿಗೆ ಪಾಠಗಳೂ ನಡೆದವು. ಹಲವರು ಬಳಸಿದರು, ಹೀಗಾಗಿ ಖರ್ಚೂ ಹಂಚಿಹೋಯಿತು. ಪೆಡಲ್ ರೇಡಿಯೊದ ಹರಟೆ ಇನ್ನೊಂದು ವೇಷದಲ್ಲಿ ಇಲ್ಲೂ ಕೆಲಸ ಮಾಡಿದೆ.

*

ನಮ್ಮಲ್ಲಿ ಈ ಕಥೆ ಉಪಗ್ರಹದಿಂದಲೇ ಶುರುವಾಯಿತು. 2002ರಲ್ಲಿ ಇಸ್ರೋ ನೆರವಿನಿಂದ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಕಾಡಂಚಿನ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಲಾಯಿತು. ಎದೆನೋವು ಬಂದ ರೈತ ಬೆಂಗಳೂರಿಗೆ ಓಡದೆ ತನ್ನ ಊರಿನ ವೈದ್ಯರ ಮುಂದೆಯೇ ಕೂತು ದೂರದ ಹೃದ್ರೋಗ ತಜ್ಞರ ಅಭಿಪ್ರಾಯ ಪಡೆಯಬಹುದಾಯಿತು. ಊರಿನ ವೈದ್ಯರು ಇದ್ದರು ಎಂಬುದನ್ನು ಮರೆಯಬಾರದು.

ನಂತರ ಬಂದದ್ದು ಮೊಬೈಲಿನ ಕಾಲ, ಅದರ ಬೆನ್ನಿಗೇ ಕೋವಿಡ್. ಟೆಲಿಮೆಡಿಸಿನ್ ನಡೆಸುವ ನಿಯಮಾವಳಿಯನ್ನು ಕೇಂದ್ರ ಸರ್ಕಾರ 2020ರ ಮಾರ್ಚ್ 25ರಂದು ಹೊರಡಿಸಿತು. 2019ರ ನವೆಂಬರಿನಲ್ಲಿ ಶುರುವಾಗಿದ್ದ ಇ-ಸಂಜೀವಿನಿ 2023ರ ಫೆಬ್ರುವರಿ ಹೊತ್ತಿಗೆ 10 ಕೋಟಿ ಸಮಾಲೋಚನೆಗಳನ್ನು ದಾಟಿತು. ಅದರಲ್ಲಿ ಎರಡು ದಾರಿಗಳಿವೆ. ರೋಗಿ ಮನೆಯಲ್ಲೇ ಕೂತು ತನ್ನ ಮೊಬೈಲಿನಿಂದ ವೈದ್ಯರನ್ನು ಕಾಣುವುದು ಒಂದು. ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿನ ಸಿಬ್ಬಂದಿಯ ನೆರವಿನಿಂದ ಕಾಣುವುದು ಇನ್ನೊಂದು. ಮೊದಲನೆಯದು ಕೈಯಳತೆಯಲ್ಲೇ ಇದ್ದರೂ ಆ 10 ಕೋಟಿಯಲ್ಲಿ ಬಹುಪಾಲು ನಡೆದದ್ದು ಎರಡನೆಯ ದಾರಿಯಲ್ಲಿ. ಬಳಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು.

ಯಾಕೆ ಹೀಗೆ ಎಂಬುದು ನನಗೆ ನಮ್ಮ ಅಜ್ಜಿಯಿಂದ ಸ್ವಲ್ಪ ತಿಳಿಯಿತು. ಅಜ್ಜಿಗೆ ಬಿಪಿ, ಶುಗರ್ ಎರಡೂ ಇವೆ. ತಿಂಗಳಿಗೊಮ್ಮೆ ಪಕ್ಕದ ಊರಿನ ಆರೋಗ್ಯ ಉಪಕೇಂದ್ರಕ್ಕೆ ಹೋಗುತ್ತಾರೆ. ಅಲ್ಲಿನ ಹುಡುಗಿ ಬಿಪಿ ನೋಡಿ, ಬೆರಳು ಚುಚ್ಚಿ ಶುಗರ್ ನೋಡಿ, ಟ್ಯಾಬಿನಲ್ಲಿ ವೈದ್ಯರನ್ನು ಹಿಡಿದುಕೊಡುತ್ತಾಳೆ. ಮನೆಯಲ್ಲೇ ಮೊಬೈಲಿದೆ, ನಾನೇ ಹಿಡಿದುಕೊಡುತ್ತೇನೆ, ಅಷ್ಟು ದೂರ ಯಾಕೆ ನಡೆಯುತ್ತೀಯ ಎಂದು ಕೇಳಿದೆ. 'ಡಾಕ್ಟ್ರು ದಿನಕ್ಕೊಬ್ರು ಬತ್ತಾರೆ ಹೋಯ್ತಾರೆ ಮಗಾ. ಹೋದ್ ತಿಂಗ್ಳು ನಾಕ್ ದಿನ ಮಾತ್ರೆ ಬಿಟ್ಟಿದ್ದು ಆ ಹುಡ್ಗೀಗೆ ಗೊತ್ತು' ಎಂದರು. ಆ ಹುಡುಗಿಗೆ ಬೇರೆ ಕಡೆ ವರ್ಗವಾದಾಗ ಅಜ್ಜಿ ಎರಡು ತಿಂಗಳು ಅತ್ತ ತಲೆ ಹಾಕಲಿಲ್ಲ. ಪರದೆ ಇತ್ತು, ನೆಟ್‌ವರ್ಕ್ ಇತ್ತು, ಆಚೆ ತುದಿಯಲ್ಲಿ ವೈದ್ಯರೂ ಇದ್ದರು. ಹೊಸಬಳು ಒಂದು ದಿನ ಮನೆಗೇ ಬಂದು, ಕಾಫಿ ಕುಡಿದು, ಮಾತ್ರೆಯ ಡಬ್ಬಿ ತೆಗೆಸಿ ನೋಡಿದ ಮೇಲೆ ಅಜ್ಜಿ ಮತ್ತೆ ಹೋಗತೊಡಗಿದರು.

ಒಬ್ಬ ಅಜ್ಜಿಯಿಂದ ಸಿದ್ಧಾಂತ ಕಟ್ಟಲಾಗದು. ಆದರೆ ಕೋವಿಡ್ ಇಳಿದ ಮೇಲೆ ಬೇರೆ ಕಡೆಯೂ ಇಂಥದ್ದೇ ಒಂದು ವಿನ್ಯಾಸ ಕಾಣುತ್ತದೆ. ಅಮೆರಿಕದಲ್ಲಿ ದೂರವೈದ್ಯದ ಬಳಕೆ 2020ರ ಶಿಖರದಿಂದ ಕೆಳಗಿಳಿದಾಗಲೂ ಮಾನಸಿಕ ಆರೋಗ್ಯದ ವಿಭಾಗದಲ್ಲಿ ಅದು ಗಟ್ಟಿಯಾಗಿ ಉಳಿಯಿತು. ಅಲ್ಲಿ ಮಾತೇ ಚಿಕಿತ್ಸೆ. ರೋಗಿಯನ್ನು ಬಲ್ಲ ಅದೇ ವ್ಯಕ್ತಿ ಮತ್ತೆ ಮತ್ತೆ ಎದುರಾಗುತ್ತಾರೆ, ಹಿಂದಿನ ವಾರದ ಮಾತನ್ನು ಈ ವಾರಕ್ಕೆ ಜೋಡಿಸುತ್ತಾರೆ. ಭಾರತದಲ್ಲಿ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. 14416ಕ್ಕೆ ಕರೆ ಮಾಡಿದವರಿಗೆ ಕನ್ನಡದಲ್ಲಿ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಅದು ಚಿಕ್ಕ ಸಂಗತಿಯಲ್ಲ. ಸಂಕಟವನ್ನು ಎರಡನೆಯ ಸಲ ಹೇಳಿಕೊಳ್ಳಬೇಕಾದರೆ ಮೊದಲ ಸಲ ಅದು ತನ್ನ ಭಾಷೆಯಲ್ಲಿ ಅರ್ಥವಾಗಿರಬೇಕು.

ಕ್ಲಾನ್‌ಕರಿಯಿಂದ ಸರಗೂರಿನವರೆಗೆ ನೋಡಿದರೆ ಜನರನ್ನು ಮರಳಿ ಕರೆತಂದ ಸಂಗತಿಗಳು ಹೆಚ್ಚಾಗಿ ತಂತಿಯ ಈಚೆ ತುದಿಯಲ್ಲೇ ಇವೆ. ಪಕ್ಕದಲ್ಲಿ ಗುರುತಿನ ಮುಖ, ಕೈಗೆಟುಕುವ ಔಷಧ, ದಿನನಿತ್ಯದ ಬಳಕೆಯಿಂದ ಪಳಗಿದ ಯಂತ್ರ, ಅನುದಾನದ ಅವಧಿಯನ್ನು ಮೀರಿದ ಸಂಬಳ. ನಮ್ಮ ಖರ್ಚು, ನಮ್ಮ ಹೆಮ್ಮೆ, ನಮ್ಮ ಉದ್ಘಾಟನೆಗಳೆಲ್ಲ ಆಚೆ ತುದಿಗೆ ಮೀಸಲು. ಉಪಕೇಂದ್ರದ ಹುದ್ದೆ ಖಾಲಿ ಬಿದ್ದರೆ ಅದು ಟೆಲಿಮೆಡಿಸಿನ್ನಿನ ಸುದ್ದಿ ಎಂದು ಯಾರಿಗೂ ಅನ್ನಿಸುವುದಿಲ್ಲ.

ಬಿಪಿ, ಶುಗರ್, ಮನಸ್ಸಿನ ಕಾಯಿಲೆಗಳು ಒಂದು ಕರೆಯಲ್ಲಿ ಮುಗಿಯುವಂಥವಲ್ಲ. ಮರಳಿ ಬರುವುದೇ ಅವುಗಳ ಚಿಕಿತ್ಸೆಯ ಅರ್ಧ ಭಾಗ. 10 ಕೋಟಿ ಎಂಬ ಲೆಕ್ಕ ಹೇಳುವುದು ಎಷ್ಟು ಸಮಾಲೋಚನೆ ನಡೆಯಿತು ಎಂಬುದನ್ನು. ಅದರಲ್ಲಿ ಎಷ್ಟು ಮಂದಿ ಅದೇ ಕಾಯಿಲೆಗೆ ಮರುತಿಂಗಳೂ ಬಂದು ಅದೇ ಮುಖವನ್ನು ಕಂಡರು ಎಂದು ಕೇಳಬೇಕು. ಬಾರದೆ ಹೋದವರ ಮನೆಗೆ ಯಾರು ಹೋಗಿ ನೋಡಿದರು ಎಂದೂ ಕೇಳಬೇಕು.